ಗುಳಿಗೆಯ ಹೆಸರು

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಸತ್ತವರ ಲೆಕ್ಕವನ್ನು ಹಿಡಿದುಕೊಂಡು ಹೊರಡುತ್ತಾರೆ. ಇಷ್ಟು ಮನೆಗಳ ಬಾಗಿಲು ಮುಚ್ಚಿದವು, ಇಷ್ಟು ಊರುಗಳು ಬರಿದಾದವು, ಇಂಥ ವರ್ಷ ರೋಗ ತಗ್ಗಿತು ಎಂಬಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಉಳಿದವರು ಹೇಗೆ ಉಳಿದರು, ಉಳಿದ ಮೇಲೆ ಹೇಗೆ ಬಾಳಿದರು ಎಂಬುದಕ್ಕೆ ಪುಟಗಳು ದೊರೆಯುವುದು ಕಡಿಮೆ. ಎಚ್.ಐ.ವಿ. ಎಂಬ ವೈರಾಣುವಿನ ವಿಷಯದಲ್ಲಂತೂ ಈ ಕೊರತೆ ಎದ್ದು ಕಾಣುತ್ತದೆ. ತಾಯಿಯ ಗರ್ಭದಲ್ಲೋ, ಹೆರಿಗೆಯ ವೇಳೆಯಲ್ಲೋ, ಎದೆಹಾಲಿನಿಂದಲೋ ಸೋಂಕನ್ನು ಪಡೆದು, ಸಾಯುವರೆಂದು ಎಲ್ಲರೂ ಎಣಿಸಿದ್ದ ವಯಸ್ಸಿನಲ್ಲಿ ಸಾಯದೆ, ಔಷಧದ ಬಲದಿಂದ ಹತ್ತು, ಹನ್ನೆರಡು, ಹದಿನಾಲ್ಕರ ಹರೆಯಕ್ಕೆ ಕಾಲಿಟ್ಟ ಮಕ್ಕಳು ನಮ್ಮ ನಡುವೆ ಇದ್ದಾರೆ. ಅವರನ್ನೂ, ಅವರನ್ನು ಸಾಕುತ್ತಿರುವ ಅಜ್ಜಿ, ಅತ್ತೆ, ಸೋದರಮಾವಂದಿರನ್ನೂ ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಹೇಳುತ್ತೇನೆ. ದೂರದ ದೇಶಗಳ ಸಂಗತಿಯಂತೆ ಕೇಳಿಸಿಕೊಂಡು ಮರೆತುಬಿಡುವ ವಿಷಯ ಇದಾಗಬಾರದು ಎಂಬುದೇ ಅದಕ್ಕೆ ಕಾರಣ.

ಹಾವೇರಿಯಿಂದ ರಾಣೆಬೆನ್ನೂರಿಗೆ ಹೆದ್ದಾರಿಯಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ನಡುವೆ ಮೋಟೆಬೆನ್ನೂರಿನ ಹತ್ತಿರ ತಿರುಗಿ ತುಸು ಒಳಗೆ ಹೋದರೆ ಬ್ಯಾಡಗಿ ಸಿಕ್ಕುತ್ತದೆ. ಪುಣೆಯ ಕಡೆಯಿಂದ ಬೆಂಗಳೂರಿಗೆ ಸಾಗುವ ಈ ರಸ್ತೆಗೆ ಬಹುಕಾಲ 4ನೆಯ ನಂಬರಿತ್ತು, ಈಗ 48. ಹುಬ್ಬಳ್ಳಿಯಿಂದ ಬೆಂಗಳೂರಿನ ರೈಲುದಾರಿಯೂ ಈ ಮೂರು ಊರುಗಳನ್ನು ಮುಟ್ಟಿಕೊಂಡೇ ಹೋಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿಯ ಬಣ್ಣ ಕಡುಗೆಂಪು, ಖಾರ ಕಡಿಮೆ, ಮೈಯೆಲ್ಲ ಸುಕ್ಕು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಸುಗ್ಗಿಯ ತಿಂಗಳುಗಳಲ್ಲಿ ಅಲ್ಲಿಯ ಪೇಟೆಗೆ ಬರುವ ಚೀಲಗಳನ್ನು, ಅವುಗಳನ್ನು ಹೊತ್ತು ತರುವ ಲಾರಿಗಳನ್ನು ನೋಡಿದವರಿಗೆ ಇದು ಸಣ್ಣ ಊರೆಂದು ಅನಿಸುವುದಿಲ್ಲ. ರಾಣೆಬೆನ್ನೂರಿನ ಹೆಸರು ಬೀಜಕ್ಕೆ. ಹತ್ತಿ, ಟೊಮೆಟೊ, ಮೆಣಸಿನ ಮಿಶ್ರತಳಿ ಬೀಜಗಳನ್ನು ಸುತ್ತಲಿನ ಹೊಲಗಳಲ್ಲಿ ಬೆಳೆಯುತ್ತಾರೆ. ಹೂವಿನಿಂದ ಹೂವಿಗೆ ಪರಾಗವನ್ನು ಕೈಯಿಂದಲೇ ಮುಟ್ಟಿಸುವ ಕೆಲಸವದು. ಹಾವೇರಿ ಏಲಕ್ಕಿ ಹಾರದ ಊರು. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯ ಮುಖ್ಯಪಟ್ಟಣವಾಯಿತು. ಹೀಗೆ ಲಾರಿ, ಪೇಟೆ, ಕೂಲಿ, ದುಡಿಮೆಗಾಗಿ ಗೋವೆಗೂ ಬೆಂಗಳೂರಿಗೂ ಹೋಗಿಬರುವ ಗಂಡಸರು, ಊರಲ್ಲಿ ಕಾಯುವ ಹೆಂಗಸರು ಇವೆಲ್ಲ ಕೂಡಿದ ನಾಡು ಇದು. ರಸ್ತೆಯೇ ರೋಗವನ್ನು ತಂದಿತೆಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಔಷಧವೂ ಅದೇ ರಸ್ತೆಯಿಂದ ಬಂದಿತು.

ಈ ಭಾಗಕ್ಕೆ ಮಹಾಮಾರಿಯ ಪರಿಚಯ ಹೊಸದೇನಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲಿನ ಬೆನ್ನು ಹತ್ತಿ ಹುಬ್ಬಳ್ಳಿಯನ್ನು ಮುಟ್ಟಿ, 1898ರಲ್ಲಿ ಅಲ್ಲಿ ಭೀಕರವಾಗಿ ಹಬ್ಬಿತು. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಲಸಿಕೆಯನ್ನು ಹುಬ್ಬಳ್ಳಿ-ಧಾರವಾಡಗಳಲ್ಲಿ ಸಾವಿರಾರು ಜನರಿಗೆ ಚುಚ್ಚಿದ್ದು ಆ ಕಾಲದ ವೈದ್ಯಚರಿತ್ರೆಯಲ್ಲಿ ಒಂದು ಮುಖ್ಯ ಪ್ರಸಂಗ. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕುಳಿತ ಕಥೆಗಳನ್ನು ಹಿರಿಯರು ಬಹುಕಾಲ ಹೇಳುತ್ತಿದ್ದರು. ಆ ರೋಗಗಳೂ ಮಕ್ಕಳನ್ನು ಅನಾಥರನ್ನಾಗಿ ಮಾಡಿದವು. ಆ ಮಕ್ಕಳನ್ನು ಅಜ್ಜನ ಮನೆ, ಮಾವನ ಮನೆ, ಮಠದ ಪ್ರಸಾದನಿಲಯ ಒಳಗೆ ತೆಗೆದುಕೊಂಡವು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪ್ಲೇಗಿನಿಂದ ತಬ್ಬಲಿಯಾದ ಮಗುವಿಗೆ ಪ್ಲೇಗು ಇರುತ್ತಿರಲಿಲ್ಲ. ರೋಗ ತಂದೆತಾಯಿಗಳನ್ನು ಒಯ್ದು ತಾನೂ ಹೊರಟುಹೋಗುತ್ತಿತ್ತು. ಉಳಿದ ಮಗುವಿಗೆ ಬೇಕಾದದ್ದು ಅನ್ನ, ಅರಿವೆ, ಅಕ್ಷರ. ಎಚ್.ಐ.ವಿ. ಒಯ್ದದ್ದು ತಂದೆಯನ್ನು, ಬಳಿಕ ತಾಯಿಯನ್ನು; ಆದರೆ ಅದು ಮಗುವಿನ ರಕ್ತದಲ್ಲಿ ಉಳಿದುಕೊಂಡಿತು. ಅಜ್ಜಿಯ ಮಡಿಲಿಗೆ ಬಂದ ಮಗು ಮಗನ ನೆನಪೂ ಹೌದು, ಮಗನನ್ನು ಒಯ್ದ ರೋಗವೂ ಹೌದು. ಇಂಥ ಪಾಲನೆಯ ಪರಂಪರೆ ನಮ್ಮಲ್ಲಿ ಇರಲಿಲ್ಲ. ಅದನ್ನು ಹೊಸದಾಗಿಯೇ ಕಲಿಯಬೇಕಾಯಿತು.

ಮೊದಲಿನ ವರ್ಷಗಳ ವೃತ್ತಾಂತವನ್ನು ಬೇಗ ಹೇಳಿಬಿಡುತ್ತೇನೆ. ಅದು ಬಹಳ ಕಡೆ ದಾಖಲಾಗಿದೆ. 1986ರಲ್ಲಿ ಮದರಾಸಿನಲ್ಲಿ ಡಾಕ್ಟರ್ ಸುನೀತಿ ಸಾಲೋಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ, ವೆಲ್ಲೂರಿನ ಪರೀಕ್ಷೆಯಿಂದ, ಭಾರತದ ಮೊದಲ ಸೋಂಕುಗಳು ಪತ್ತೆಯಾದವು. 1992ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕದ ಏಡ್ಸ್ ನಿಯಂತ್ರಣ ಸಂಸ್ಥೆ ನೋಂದಣಿಯಾದದ್ದು 1997ರ ಕೊನೆಗೆ. ಅಂದರೆ ಹಾವೇರಿ ಜಿಲ್ಲೆಯೂ ಈ ಸಂಸ್ಥೆಯೂ ಒಂದೇ ವರ್ಷದ ಕೂಸುಗಳು. ಬೆಳಗಾವಿ, ಬಾಗಲಕೋಟೆ, ವಿಜಾಪುರಗಳ ಕಡೆಗೆ ಸೋಂಕು ದಕ್ಷಿಣಕ್ಕಿಂತ ಹೆಚ್ಚಾಗಿ ಹಬ್ಬಿತ್ತು. 2003ರಲ್ಲಿ ಬಾಗಲಕೋಟೆ ಜಿಲ್ಲೆಯ ಸಾಮಾನ್ಯ ಜನರಲ್ಲಿಯೇ ನಡೆದ ಒಂದು ಪರೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಸೋಂಕು ಕಂಡಿತು. ಗಂಡಸರಿಂದ ಹೆಂಡಂದಿರಿಗೆ, ಹೆಂಡಂದಿರಿಂದ ಕೂಸಿಗೆ ಸಾಗುವುದು ರೋಗದ ಕ್ರಮ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಸೋಂಕಿತ ತಾಯಂದಿರಿಗೆ ಹುಟ್ಟಿದ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಅದು ತಗಲುತ್ತದೆ. ಹಾಗೆ ತಗಲಿದ ಮಕ್ಕಳಲ್ಲಿ ಮೂರರಲ್ಲೊಂದು ಪಾಲು ವರ್ಷ ತುಂಬುವುದರೊಳಗೆ, ಅರ್ಧದಷ್ಟು ಎರಡು ವರ್ಷದೊಳಗೆ ತೀರಿಕೊಳ್ಳುತ್ತವೆ.

ಹೀಗೆ ತೀರಿಕೊಂಡ ಕೂಸುಗಳ ಸಾವಿಗೆ ಹಳ್ಳಿಗಳಲ್ಲಿ ಬೇರೆ ಹೆಸರುಗಳಿದ್ದವು. ಬಾಲಗ್ರಹ ಎಂದರು, ವಾಂತಿ-ಭೇದಿ ಎಂದರು, ಎದೆಯ ಕಫ ಎಂದರು. ವೈರಾಣುವಿನ ಹೆಸರನ್ನು ಯಾರೂ ಹೇಳಲಿಲ್ಲ; ಹೇಳಬಲ್ಲ ಪರೀಕ್ಷೆ ಹತ್ತಿರದಲ್ಲಿ ಇರಲಿಲ್ಲ. ಮೆಲ್ಲಗೆ ನಡೆಯುವ ಸ್ವಭಾವದ ಸೋಂಕು ಯಾರಿಗಿತ್ತೋ ಆ ಮಕ್ಕಳು ಮಾತ್ರ ಐದು, ಆರು, ಏಳು ವರ್ಷದವರೆಗೆ ನರಳುತ್ತ ಬಂದರು. ಅಷ್ಟರಲ್ಲಿ ತಂದೆ ಹೋಗಿರುತ್ತಿದ್ದ.

ಔಷಧ ಇರಲಿಲ್ಲವೆಂದಲ್ಲ. ಮೊದಲ ಔಷಧಕ್ಕೆ ಅಮೆರಿಕದಲ್ಲಿ 1987ರಲ್ಲಿಯೇ ಒಪ್ಪಿಗೆ ದೊರೆತಿತ್ತು. ಗರ್ಭಿಣಿಗೆ ಅದನ್ನು ಕೊಟ್ಟರೆ ಮಗುವಿಗೆ ಸೋಂಕು ತಗಲುವ ಸಂಭವ ಮೂರರಲ್ಲಿ ಎರಡು ಪಾಲು ತಗ್ಗುತ್ತದೆಂದು 1994ರಲ್ಲಿ ಸಿದ್ಧವಾಯಿತು. ಮೂರು ಔಷಧಗಳನ್ನು ಕೂಡಿಸಿ ಕೊಟ್ಟರೆ ಸಾವನ್ನು ದೂರವಿಡಬಹುದೆಂಬುದು 1996ರ ಹೊತ್ತಿಗೆ ಖಚಿತವಾಯಿತು. ಆದರೆ ಆ ಚಿಕಿತ್ಸೆಗೆ ಒಬ್ಬನಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಹಣ ಬೇಕಾಗಿತ್ತು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ಅದೇ ಔಷಧವನ್ನು ವರ್ಷಕ್ಕೆ 350 ಡಾಲರಿಗೆ ಕೊಡುವೆನೆಂದು ಮುಂದೆ ಬಂದಾಗ ಜಗತ್ತಿನ ಬಡದೇಶಗಳೆಲ್ಲ ಒಮ್ಮೆ ತಲೆಯೆತ್ತಿ ನೋಡಿದವು. ನಮ್ಮ ದೇಶದಲ್ಲಿ ತಯಾರಾಗುತ್ತಿದ್ದ ಗುಳಿಗೆ ನಮ್ಮ ಸರಕಾರಿ ಆಸ್ಪತ್ರೆಗೆ ಬರಲು ಇನ್ನೂ ಮೂರು ವರ್ಷ ಬೇಕಾಯಿತೆಂಬುದನ್ನು ಮಾತ್ರ ಸುಲಭವಾಗಿ ಕ್ಷಮಿಸಲು ನನ್ನಿಂದಾಗದು. 2004ರ ಏಪ್ರಿಲ್ 1ರಂದು ದೇಶದ 8 ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಆರಂಭವಾಯಿತು. ಕರ್ನಾಟಕಕ್ಕೆ ಅದು ಬಂದದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೆ. ಹುಬ್ಬಳ್ಳಿಯ ಕಿಮ್ಸ್, ಆಮೇಲೆ ಜಿಲ್ಲಾ ಆಸ್ಪತ್ರೆಗಳು, ಹೀಗೆ ಚಿಕಿತ್ಸಾಕೇಂದ್ರಗಳು ಒಂದೊಂದೇ ಹತ್ತಿರ ಬಂದವು. ‘ಎ.ಆರ್.ಟಿ.’ ಎಂಬ ಮೂರಕ್ಷರ ಓದುಬರಹ ಬಾರದವರ ಬಾಯಿಗೂ ಬಂದಿತು.

ಮಕ್ಕಳಿಗೆ ಅದು ಇನ್ನೂ ತಡವಾಗಿ ಬಂದಿತು. ಆರಂಭದಲ್ಲಿ ದೊಡ್ಡವರ ಗುಳಿಗೆಯನ್ನು ಮುರಿದು, ಅರೆದು, ಅಂದಾಜಿನಿಂದ ಕೊಡಬೇಕಾಗಿತ್ತು. ಮೈಸೂರಿನ ಆಶಾಕಿರಣದಂಥ ಕೆಲವೇ ಧರ್ಮಾಸ್ಪತ್ರೆಗಳಲ್ಲಿ ಮಕ್ಕಳ ವೈದ್ಯರು ಈ ಕೆಲಸವನ್ನು ಕೈಗೆತ್ತಿಕೊಂಡಿದ್ದರು. 2006ರ ನವೆಂಬರ್ 30ರಂದು ಕೇಂದ್ರ ಸರಕಾರ ಮಕ್ಕಳ ಚಿಕಿತ್ಸೆಗೆಂದೇ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಮಕ್ಕಳ ತೂಕಕ್ಕೆ ತಕ್ಕ ಗುಳಿಗೆಗಳು ಬಂದವು. ನಾನು ಹೇಳಹೊರಟ ಕಥೆ ನಿಜವಾಗಿ ಮೊದಲಾಗುವುದು ಆ ದಿನ. ಅಂದು ಐದಾರು ವರ್ಷದ, ಎಲುಬಿನ ಗೂಡಾಗಿದ್ದ ಒಂದು ಮಗು ಗುಳಿಗೆ ನುಂಗಿ ಮೈತುಂಬಿಕೊಂಡಿತೆನ್ನಿ. 2012ರ ಹೊತ್ತಿಗೆ ಅದು ಹನ್ನೊಂದು-ಹನ್ನೆರಡರ ಹುಡುಗಿಯಾಯಿತು. ಸಾವಿಗೆ ಸಿದ್ಧರಾಗಿದ್ದವರ ಮುಂದೆ ಹರೆಯ ಬಂದು ನಿಂತಿತು. ಆಸ್ಪತ್ರೆಗಾಗಲಿ ಮನೆಗಾಗಲಿ ಶಾಲೆಗಾಗಲಿ ಅದರ ಸಿದ್ಧತೆ ಇರಲಿಲ್ಲ.

ಶಾಲೆಯ ಮಾತು ಬಂದಿತಾದ್ದರಿಂದ ಒಂದು ವಿಪರ್ಯಾಸವನ್ನು ಹೇಳದೆ ಮುಂದುವರಿಯಲಾರೆ. 2005ರಲ್ಲಿ ಹದಿಹರೆಯದ ಶಿಕ್ಷಣವೆಂಬ ಕಾರ್ಯಕ್ರಮವೊಂದು ದೇಶದ ಶಾಲೆಗಳಿಗೆ ಬಂದಿತು. ದೇಹದ ಬದಲಾವಣೆ, ಎಚ್.ಐ.ವಿ., ಬೇಡವೆನ್ನುವ ಧೈರ್ಯ ಇವೆಲ್ಲ ಅದರಲ್ಲಿದ್ದವು. ಅದರ ಚಿತ್ರಗಳೂ ಪದಗಳೂ ನಮ್ಮ ಸಂಸ್ಕೃತಿಗೆ ಒಗ್ಗವೆಂದು ಗದ್ದಲವೆದ್ದು 2007ರಲ್ಲಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು. ಕರ್ನಾಟಕವೂ ಅವುಗಳಲ್ಲಿ ಒಂದು. ಗುಳಿಗೆ ಬಂದು ವರ್ಷ ತುಂಬುವುದರೊಳಗೆ ಪಾಠ ಹೋಯಿತು. ಆಕ್ಷೇಪಿಸಿದವರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ; ಆ ಪುಸ್ತಕಗಳಲ್ಲಿ ಹಳ್ಳಿಯ ಮಾಸ್ತರರಿಗೆ ಬಾಯಿಬಿಟ್ಟು ಓದಲಾಗದ ಪುಟಗಳು ಇದ್ದಿರಬಹುದು. ಆದರೆ ವಾದ ನಡೆದದ್ದು ಆರೋಗ್ಯವಂತ ಮಕ್ಕಳ ಮುಗ್ಧತೆಯನ್ನು ಕುರಿತು. ಸೋಂಕನ್ನು ಹುಟ್ಟಿನಿಂದಲೇ ಹೊತ್ತು ಅದೇ ಬೆಂಚಿನ ಮೇಲೆ ಕುಳಿತಿರಬಹುದಾದ ಮಗುವಿನ ಮಾತು ಆ ಚರ್ಚೆಯಲ್ಲಿ ಬಂದದ್ದು ನನ್ನ ಕಿವಿಗೆ ಬೀಳಲಿಲ್ಲ.

ಇನ್ನು ಮನೆಗೆ ಬರೋಣ. ಈ ಔಷಧದ ನಿಯಮ ಕಠಿಣ. ಅದು ರೋಗವನ್ನು ಗುಣಪಡಿಸುವುದಿಲ್ಲ, ಅದುಮಿ ಇಡುತ್ತದೆ. ನೂರು ಸಲ ನುಂಗಬೇಕಾದಲ್ಲಿ 95 ಸಲಕ್ಕಿಂತ ಕಡಿಮೆಯಾದರೆ ವೈರಾಣು ಔಷಧವನ್ನು ಮೀರುವ ಉಪಾಯವನ್ನು ಕಲಿಯುತ್ತದೆಂದು ವೈದ್ಯರು ಹೇಳುತ್ತಿದ್ದರು. ಆಗೆಲ್ಲ ದಿನಕ್ಕೆ ಎರಡು ಹೊತ್ತು ನುಂಗಬೇಕಾಗಿತ್ತು, ಅದೂ ಜೀವನಪೂರ್ತಿ. ಸಣ್ಣ ಮಗುವಿಗೆ ಬೆಲ್ಲ ಕೊಟ್ಟು, ಗದರಿಸಿ ನುಂಗಿಸಬಹುದು. “ಈ ಗುಳಿಗಿ ಯಾಕ, ಅಮ್ಮ?” ಎಂದು ಅದು ಕೇಳಿದರೆ (ಈ ಭಾಗದ ಎಷ್ಟೋ ಮನೆಗಳಲ್ಲಿ ಅಜ್ಜಿಯೇ ‘ಅಮ್ಮ’, ತಾಯಿ ‘ಅವ್ವ’) “ಶಕ್ತಿ ಬರಾಕ, ನುಂಗು” ಎಂದರಾಯಿತು. ನೆಗಡಿಗೆ ಎನ್ನುವರು, ರಕ್ತ ಕಡಿಮೆಯಿದೆ ಎನ್ನುವರು, ಹುಟ್ಟಿದಾಗಿನ ದಮ್ಮು ಎನ್ನುವರು. ಹತ್ತನೆಯ ವರ್ಷಕ್ಕೆ ಈ ಉತ್ತರ ಸಾಲದಾಗುತ್ತದೆ. ನೆಗಡಿ ಇಲ್ಲದ ದಿನವೂ ಯಾಕೆ? ತಮ್ಮನಿಗೆ ಯಾಕೆ ಇಲ್ಲ? ಆಸ್ಪತ್ರೆಯ ಗೋಡೆಯ ಮೇಲೆ ಬರೆದದ್ದನ್ನು ಓದಬಾರದೆಂದು ಯಾಕೆ ಕೈಹಿಡಿದು ಎಳೆಯುತ್ತೀರಿ? ಮಕ್ಕಳು ಶಾಲೆಯಲ್ಲಿ ಅಕ್ಷರ ಕಲಿಯುತ್ತಾರೆಂಬುದನ್ನು ಹಿರಿಯರು ಮರೆತಿರುತ್ತಾರೆ. ಡಬ್ಬಿಯ ಮೇಲಿನ ಹೆಸರನ್ನೋ ಗೋಡೆಯ ಮೇಲಿನ ಕೆಂಪು ರಿಬ್ಬನ್ನನ್ನೋ ನೋಡಿ ತಾವೇ ತಿಳಿದುಕೊಂಡ ಮಕ್ಕಳು, ತಿಳಿದದ್ದನ್ನು ಹೇಳದೆ ಸುಮ್ಮನಿದ್ದುಬಿಡುತ್ತಾರೆ. ಆಗ ಅಜ್ಜಿ ಮೊಮ್ಮಗನಿಂದ ಮುಚ್ಚಿಡುತ್ತಾಳೆ, ಮೊಮ್ಮಗ ಅಜ್ಜಿಯಿಂದ. ಒಂದು ದಿನ ಗುಳಿಗೆ ಹಿತ್ತಲಲ್ಲಿ ಸಿಗುತ್ತದೆ.

ಇದು ನಮ್ಮ ಮೂರು ಊರುಗಳ ದೌರ್ಬಲ್ಯವೇನಲ್ಲ. 2005ರಿಂದ 2012ರವರೆಗೆ ಜಗತ್ತಿನಲ್ಲಿ ಈ ರೋಗದ ಸಾವುಗಳು ಒಟ್ಟಾರೆ ನೂರಕ್ಕೆ 30ರಷ್ಟು ತಗ್ಗಿದ್ದರೂ, ಹದಿಹರೆಯದವರ ಸಾವು ಮಾತ್ರ ನೂರಕ್ಕೆ 50ರಷ್ಟು ಏರಿತೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪ್ರಕಟಿಸಿತು. ಔಷಧ ಇದ್ದ ಕಾಲದ ಸಾವುಗಳಿವು ಎಂಬುದನ್ನು ನೆನಪಿಡಬೇಕು. ಹತ್ತರಿಂದ ಹತ್ತೊಂಬತ್ತರ ನಡುವಿನ ವಯಸ್ಸಿಗೆ ತಕ್ಕ ಪರೀಕ್ಷೆ, ತಕ್ಕ ಮಾತು, ತಕ್ಕ ಜೊತೆ ಇಲ್ಲದ್ದೇ ಕಾರಣವೆಂದು ಆ ಸಂಸ್ಥೆ ಎಚ್ಚರಿಸಿತು. ಅದಕ್ಕೆ ಎರಡು ವರ್ಷ ಮೊದಲು, 2011ರಲ್ಲಿ, ಹನ್ನೆರಡು ವರ್ಷ ತುಂಬುವುದರೊಳಗೆ ಮಗುವಿಗೆ ಅದರ ರೋಗದ ಹೆಸರನ್ನು ಹಂತಹಂತವಾಗಿ ತಿಳಿಸಬೇಕೆಂದು ಅದೇ ಸಂಸ್ಥೆ ಮಾರ್ಗದರ್ಶಿಯನ್ನು ಹೊರಡಿಸಿತ್ತು. ಮೊದಲು ಮೈಯಲ್ಲಿ ಕಾವಲುಗಾರರಿದ್ದಾರೆ ಎಂಬ ಕಥೆ. ಆಮೇಲೆ ಆ ಕಾವಲುಗಾರರನ್ನು ನಿದ್ದೆಗೆಡಿಸುವ ಒಂದು ಹುಳುವಿದೆ, ಗುಳಿಗೆ ಅದನ್ನು ಮಲಗಿಸುತ್ತದೆ ಎಂಬ ಕಥೆ. ಕಡೆಗೆ ಹುಳುವಿನ ಹೆಸರು. ಆಪ್ತಸಮಾಲೋಚಕರು ಸಾಮಾನ್ಯವಾಗಿ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತಾರೆ.

ಹೇಳುವುದು ಅಷ್ಟು ಕಷ್ಟವೇಕೆ? ಮಗು ಅಳುತ್ತದೆಂಬ ಭಯ ಒಂದು. ಹೊರಗೆ ಹೋಗಿ ಗೆಳೆಯರಿಗೆ ಹೇಳಿಬಿಟ್ಟರೆ ಓಣಿಯಲ್ಲಿ ನೀರು ಸಿಗದು, ಬೀಗರು ಬಾರರು, ತಂಗಿಗೆ ವರ ದೊರೆಯನು ಎಂಬುದು ಇನ್ನೊಂದು. 2003ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಸೋಂಕಿನ ಸುದ್ದಿ ತಿಳಿದದ್ದಕ್ಕಾಗಿ ಇಬ್ಬರು ಒಡಹುಟ್ಟಿದ ಮಕ್ಕಳನ್ನು ಶಾಲೆಯಿಂದ ಹೊರಗಿಟ್ಟದ್ದು ಪತ್ರಿಕೆಗಳಲ್ಲಿ ಬಂದಿತ್ತು. ಸಾಕ್ಷರರ ನಾಡಿನಲ್ಲಿಯೇ ಹೀಗಾದರೆ ನಮ್ಮಲ್ಲಿ ಹೇಗೆ ಎಂದು ಜನ ಹೆದರಿದ್ದು ಸಹಜ. ಆದರೆ ಎಲ್ಲಕ್ಕೂ ಮೇಲಾದ ಕಷ್ಟ ಬೇರೆ ಇದೆ ಎಂದು ನನಗೆ ತೋರುತ್ತದೆ. ರೋಗದ ಹೆಸರು ಹೇಳಿದರೆ ಮಗು ಮುಂದಿನ ಪ್ರಶ್ನೆ ಕೇಳುತ್ತದೆ: ನನಗೆ ಇದು ಎಲ್ಲಿಂದ ಬಂತು? ಅದಕ್ಕೆ ಉತ್ತರ ಹೇಳಬೇಕಾದವಳು ತಾಯಿಯಾಗಿದ್ದರೆ ತನ್ನ ಮೈಯನ್ನೇ ತೋರಿಸಬೇಕು. ಅಜ್ಜಿಯಾಗಿದ್ದರೆ ಗೋಡೆಗೆ ತೂಗುಹಾಕಿ ಮಾಲೆ ಹಾಕಿದ ಮಗನ ಫೋಟೋದ ಕಡೆ ನೋಡಬೇಕು. ತೀರಿಹೋದ ಮಗನ ಮಾನವನ್ನು ಮೊಮ್ಮಗನ ಮುಂದೆ ಬಿಚ್ಚಿಡುವ ಕೆಲಸವನ್ನು ಯಾವ ಮುದುಕಿ ತಾನೇ ಇಷ್ಟಪಟ್ಟಾಳು?

ಇಲ್ಲಿ ‘ಜೀವನ ಕೌಶಲ’ ಎಂಬ ಮಾತು ಬರುತ್ತದೆ. ಸರಕಾರಿ ಕಾಗದಗಳಲ್ಲಿ ಸವೆದುಹೋದ ಮಾತು. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದ ಮೊದಲಲ್ಲಿ ಶಾಲೆಯ ಮಕ್ಕಳಿಗೆ ಕಲಿಸಬೇಕಾದ ಹತ್ತು ಕೌಶಲಗಳನ್ನು ಹೆಸರಿಸಿತು: ತನ್ನನ್ನು ಅರಿಯುವುದು, ಪರರ ನೋವನ್ನು ಅರಿಯುವುದು, ತೀರ್ಮಾನಕ್ಕೆ ಬರುವುದು, ಮಾತು, ನಂಟು, ಕೋಪತಾಪಗಳನ್ನು ತಡೆದುಕೊಳ್ಳುವುದು ಇತ್ಯಾದಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದನ್ನು ನಮ್ಮ ಪ್ರೌಢಶಾಲೆಗಳಿಗೆ ಒಗ್ಗುವಂತೆ, ಮಾಸ್ತರರೇ ಆಟ-ಚರ್ಚೆಗಳಿಂದ ಕಲಿಸುವಂತೆ ರೂಪಿಸಿತು. ‘ಕುಶಲ’ ಎಂಬ ಶಬ್ದಕ್ಕೆ ನಮ್ಮ ಹಳೆಯ ಶಾಸ್ತ್ರಿಗಳು ಒಂದು ನಿಷ್ಪತ್ತಿ ಹೇಳುತ್ತಿದ್ದರು. ಕುಶವೆಂದರೆ ದರ್ಭೆ, ಅದರ ಅಂಚು ಚೂಪು. ಕೈ ಕೊಯ್ದುಕೊಳ್ಳದೆ ಅದನ್ನು ಕಿತ್ತು ತರಬಲ್ಲವನು ಕುಶಲ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪುವರೋ ಬಿಡುವರೋ, ಈ ಮಕ್ಕಳ ವಿಷಯದಲ್ಲಿ ಇದಕ್ಕಿಂತ ಒಪ್ಪುವ ಅರ್ಥ ನನಗೆ ಸಿಕ್ಕಿಲ್ಲ.

ಅವರ ದರ್ಭೆಯ ಅಂಚುಗಳು ಯಾವುವೆಂದು ನೋಡಿ. ಶಾಲೆಯ ಪ್ರವಾಸದಲ್ಲಿ ರಾತ್ರಿ ಎಂಟಕ್ಕೆ ಗುಳಿಗೆ ನುಂಗಬೇಕು. ಪಕ್ಕದವನು ಏನದು ಎಂದು ಕೇಳಿದರೆ ಸುಳ್ಳೂ ಆಗದಂತೆ, ಗುಟ್ಟೂ ಒಡೆಯದಂತೆ ಏನು ಹೇಳಬೇಕು? ಹಾಸ್ಟೆಲಿನ ಪೆಟ್ಟಿಗೆಯಲ್ಲಿ ಡಬ್ಬಿಯನ್ನು ಎಲ್ಲಿಡಬೇಕು? ಹಳೆಯ ಗುಳಿಗೆಗಳಲ್ಲೊಂದು ನುಂಗಿದ ರಾತ್ರಿ ತಲೆ ತಿರುಗಿಸುತ್ತಿತ್ತು, ವಿಚಿತ್ರ ಕನಸುಗಳನ್ನು ತರುತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಅದನ್ನು ಬಿಟ್ಟುಬಿಡಬೇಕೆಂದು ಅನಿಸಿದರೆ ಯಾರನ್ನು ಕೇಳಬೇಕು? ಹುಟ್ಟಿನಿಂದ ಸೋಂಕಿರುವ ಮಕ್ಕಳು ಓರಗೆಯವರಿಗಿಂತ ಗಿಡ್ಡಗಿರುವುದು, ಮೈನೆರೆಯುವುದು ತಡವಾಗುವುದು ಸಾಮಾನ್ಯ. ಹದಿಮೂರರ ಹುಡುಗನನ್ನು ಒಂಬತ್ತರವನೆಂದು ಕರೆದರೆ ಅವನಿಗಾಗುವ ಸಿಟ್ಟನ್ನು ಏನು ಮಾಡಬೇಕು? ಬೀಜದ ಹೊಲದಲ್ಲಿ ಹತ್ತಿಯ ಹೂವನ್ನು ಸಂಜೆ ಬಿಡಿಸಿ ಬೆಳಗ್ಗೆ ಪರಾಗ ಮುಟ್ಟಿಸಬೇಕು. ನಸುಕಿನಲ್ಲಿ ಕೂಲಿಗೆ ಹೊರಟ ಮನೆಯಲ್ಲಿ ಬೆಳಗಿನ ಗುಳಿಗೆಯನ್ನು ನೆನಪಿಸುವವರಾರು? ಇವಕ್ಕೆ ಉತ್ತರಗಳು ಉಪನ್ಯಾಸದಿಂದ ಬರುವುದಿಲ್ಲ. ನಾಲ್ಕು ಮಕ್ಕಳು ಕೂಡಿ, ಒಬ್ಬನು ಕೇಳುವ ಗೆಳೆಯನಾಗಿ, ಇನ್ನೊಬ್ಬನು ಉತ್ತರಿಸುವವನಾಗಿ, ಆಡಿ ನೋಡಿದರೆ ಬರುತ್ತವೆ. ನಗುತ್ತ ಒಮ್ಮೆ ಆಡಿದ ಉತ್ತರ ಪ್ರವಾಸದ ಬಸ್ಸಿನಲ್ಲಿ ತಾನಾಗಿ ನಾಲಿಗೆಗೆ ಬರುತ್ತದೆ.

ಆಮೇಲೆ ದೊಡ್ಡ ಪ್ರಶ್ನೆಯೊಂದಿದೆ: ನನ್ನ ಮದುವೆಯಾಗುತ್ತದೆಯೇ? ಇದಕ್ಕೆ ಮೊದಲೆಲ್ಲ ಹಿರಿಯರು ತಲೆತಗ್ಗಿಸುತ್ತಿದ್ದರು. ಇಂದು ವಿಜ್ಞಾನದ ಉತ್ತರ ಸ್ಪಷ್ಟವಾಗಿದೆ. ಗುಳಿಗೆಯನ್ನು ತಪ್ಪದೆ ನುಂಗಿ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ತಗ್ಗಿದರೆ ದಾಂಪತ್ಯದಲ್ಲಿ ಅದು ಸಂಗಾತಿಗೆ ಹರಡುವುದಿಲ್ಲ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮಗುವಿಗೆ ಹೋಗುವ ಸಂಭವ ನೂರಕ್ಕೆ 5ಕ್ಕಿಂತ ಕಡಿಮೆ. ಈ ಮಾತನ್ನು ಹದಿನಾಲ್ಕರ ಹುಡುಗಿಗೆ ಯಾರಾದರೂ ಸ್ಪಷ್ಟವಾಗಿ ಹೇಳಿದ್ದಾರೆಯೇ ಎಂಬುದರ ಮೇಲೆ ಅವಳು ನಾಳಿನ ಗುಳಿಗೆಯನ್ನು ನುಂಗುವಳೋ ಬಿಡುವಳೋ ಎಂಬುದು ನಿಂತಿದೆ.

ಪಾಲಕರ ಕಡೆ ತಿರುಗಿದರೆ ಮಾತು ಇನ್ನೂ ಉದ್ದವಾಗುತ್ತದೆ. ಬ್ಯಾಡಗಿಯ ಪೇಟೆಯ ಆಸುಪಾಸಿನ ಅಂಗಳಗಳಲ್ಲಿ ಮೆಣಸಿನಕಾಯಿಯ ರಾಶಿಯ ಮುಂದೆ ಸೀರೆಯ ಸೆರಗನ್ನು ಮೂಗಿಗೆ ಕಟ್ಟಿಕೊಂಡು ತೊಟ್ಟು ಬಿಡಿಸುವ ಹೆಂಗಸರ ಸಾಲು ಕಾಣುತ್ತದೆ. ಬಿಡಿಸಿದ ತೂಕಕ್ಕೆ ತಕ್ಕಂತೆ ಕೂಲಿ. ಅಂಥ ಸಾಲಿನಲ್ಲಿ ಕುಳಿತ ಒಬ್ಬ ಅಜ್ಜಿಗೆ ಮೊಮ್ಮಗಳನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವುದೆಂದರೆ ಒಂದು ದಿನದ ಕೂಲಿ, ಇಬ್ಬರ ಬಸ್ಸಿನ ಚಾರ್ಜು, ಎಲ್ಲಿಗೆ ಹೋಗಿದ್ದಿ ಎಂಬ ಪಕ್ಕದವಳ ಪ್ರಶ್ನೆ. ಸೋಂಕಿತ ಹಾಗೂ ಬಾಧಿತ ಮಕ್ಕಳಿಗಾಗಿ ರಾಜ್ಯ ಸರಕಾರದ ‘ವಿಶೇಷ ಪಾಲನಾ ಯೋಜನೆ’ ಇದೆ; ತಿಂಗಳಿಗೆ ಬರುವ ಆ ಸಣ್ಣ ಹಣವನ್ನು ಪಡೆಯಲೂ ಕಾಗದಗಳನ್ನು ಹಿಡಿದು ಕಚೇರಿಗೆ ಹೋಗಬೇಕು, ಅಲ್ಲಿ ಕಾರಣ ಹೇಳಬೇಕು. ಅಜ್ಜಿಗೆ ಕಾಡುವ ಇನ್ನೊಂದು ಯೋಚನೆಯನ್ನು ಅವಳು ಯಾರ ಮುಂದೆಯೂ ಆಡುವುದಿಲ್ಲ: ನಾನು ಹೋದ ಮೇಲೆ ಇದಕ್ಕೆ ಯಾರು?

ಅನ್ಯರ ಮಕ್ಕಳನ್ನು ತನ್ನವೆಂದು ಸಾಕುವ ಔದಾರ್ಯ ಈ ನೆಲದಲ್ಲಿ ಇಲ್ಲದಿಲ್ಲ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಇದೇ ಜಿಲ್ಲೆಯ ಹಾನಗಲ್ಲು ತಾಲೂಕಿನಲ್ಲಿ ಹುಟ್ಟಿದವರು, ಇಬ್ಬರಿಗೂ ಕಣ್ಣಿರಲಿಲ್ಲ. ಪುಟ್ಟರಾಜರು ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವನ ಆಸರೆಯಲ್ಲಿದ್ದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಕುರುಡ ಮಕ್ಕಳಿಗೆ ಅನ್ನವನ್ನಷ್ಟೇ ಹಾಕಿ ಕಳಿಸಲಿಲ್ಲ, ಸಂಗೀತವೆಂಬ ದುಡಿಮೆಯನ್ನು ಕೈಗಿತ್ತಿತು. ಆದರೆ ಅಲ್ಲಿಯ ಮಗು ತನ್ನ ಕುರುಡನ್ನು ಯಾರಿಂದಲೂ ಮರೆಸಬೇಕಾಗಿರಲಿಲ್ಲ. ಈ ಮಕ್ಕಳನ್ನು ಬೇರೆಯಾಗಿ ಒಂದು ಆಶ್ರಮದಲ್ಲಿ ಕೂಡಿಸುವುದು ಸುಲಭದ ದಾರಿಯೆಂದು ಕೆಲವರು ಭಾವಿಸಿದ್ದರು. ಗುಂಪಾಗಿ ಬದುಕಿದ ಮಗು ಹದಿನೆಂಟಕ್ಕೆ ಹೊರಬಿದ್ದಾಗ ಓಣಿಯಲ್ಲಿ ಒಂಟಿಯಾಗುತ್ತದೆ. ಆದ್ದರಿಂದ ಅಜ್ಜಿಯ ಮನೆಯಲ್ಲಿಯೇ ಅದನ್ನು ಉಳಿಸಿ, ಅಜ್ಜಿಗೂ ಕಲಿಸುವ ದಾರಿ ಮೇಲೆಂಬುದು ನನ್ನ ಎಣಿಕೆ.

ಅಜ್ಜಿಯನ್ನೂ ಮೊಮ್ಮಗುವನ್ನೂ ಕೂಡಿಸಿ ಕಲಿಸುವುದಾದರೂ ಹೇಗೆ? ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ‘ವುಕಾ’ ಎಂಬ ಒಂದು ಪ್ರಯೋಗ ನಡೆಯಿತು. ಜುಲು ಭಾಷೆಯಲ್ಲಿ ಆ ಮಾತಿಗೆ ‘ಏಳು, ಎಚ್ಚರಗೊಳ್ಳು’ ಎಂದರ್ಥ. ಹತ್ತರಿಂದ ಹದಿನಾಲ್ಕರ ಸೋಂಕಿತ ಮಕ್ಕಳೂ ಅವರ ಪಾಲಕರೂ ಕೂಡಿ ಕುಳಿತು ಒಂದು ಚಿತ್ರಕಥೆಯನ್ನು ಓದುತ್ತಾರೆ. ಕಥೆಯ ಹುಡುಗನಿಗೂ ಇದೇ ರೋಗ, ಇದೇ ತಬ್ಬಲಿತನ. ತನ್ನ ಮನೆಯ ಮಾತನ್ನು ಬಾಯಿಬಿಟ್ಟು ಆಡಲಾರದ ಅಜ್ಜಿ ಚಿತ್ರದಲ್ಲಿಯ ಅಜ್ಜಿಯ ಬಗ್ಗೆ ಆಡಬಲ್ಲಳು ಎಂಬುದೇ ಅದರ ಗುಟ್ಟು. ನಮ್ಮ ಸಣ್ಣಾಟ, ಕೀಲುಗೊಂಬೆಯಾಟಗಳನ್ನು ಬಲ್ಲವರಿಗೆ ಇದು ಹೊಸ ಉಪಾಯವೆಂದು ಅನಿಸಲಾರದು. ಜಿಂಬಾಬ್ವೆಯಲ್ಲಿ ಇನ್ನೊಂದು ಕೆಲಸ 2004ರಲ್ಲಿ ಒಂದು ಚಿಕ್ಕ ಗೆಳೆಯರ ಗುಂಪಿನಿಂದ ಆರಂಭವಾಯಿತು. ಅದರ ಹೆಸರು ‘ಜ್ವಾಂದಿರಿ’, ‘ನಾನು ಇರುವಂತೆಯೇ’ ಎಂದರ್ಥ. ಹದಿನೆಂಟರಿಂದ ಇಪ್ಪತ್ತನಾಲ್ಕರ, ತಾವೂ ಸೋಂಕಿನೊಡನೆ ಬೆಳೆದ ಯುವಕಯುವತಿಯರೇ ಚಿಕ್ಕವರ ಮನೆಗೆ ಹೋಗಿ ಅವರ ಗುಳಿಗೆಯ, ಶಾಲೆಯ, ಅಳುವಿನ ವಿಚಾರ ನೋಡುತ್ತಾರೆ. ಹೀಗೆ ಜೊತೆಗಾರರಿದ್ದ ಮಕ್ಕಳಲ್ಲಿ ಔಷಧ ಸೋಲುವುದು ಕಡಿಮೆಯೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು.

ನಮ್ಮಲ್ಲಿ ಇಂಥ ಜೊತೆಗಾರರ ಕೊರತೆ ಇರಬೇಕಾದ ಕಾರಣವಿಲ್ಲ. 2006ರ ಗುಳಿಗೆ ನುಂಗಿ ಉಳಿದ ಮಕ್ಕಳು ಇಂದು ಇಪ್ಪತ್ತು ದಾಟಿದ್ದಾರೆ. ಇತ್ತ ಹೊಸದಾಗಿ ಸೋಂಕಿನಿಂದ ಹುಟ್ಟುವ ಮಕ್ಕಳ ಸಂಖ್ಯೆ ಬಹಳ ತಗ್ಗಿದೆ. 2014ರಿಂದ ಸೋಂಕಿತ ಗರ್ಭಿಣಿಯರೆಲ್ಲರಿಗೂ ಜೀವಾವಧಿ ಚಿಕಿತ್ಸೆ ದೊರೆಯುತ್ತಿದೆ. 2021ರ ಅಂದಾಜಿನಂತೆ ಕರ್ನಾಟಕದ ವಯಸ್ಕರಲ್ಲಿ ಸೋಂಕು ನೂರಕ್ಕೆ 0.46ಕ್ಕೆ ಇಳಿದಿದೆ. ಸಂತೋಷದ ಸಂಗತಿಯೇ. ಅದರ ಮಗ್ಗುಲಲ್ಲಿ ಒಂದು ಸಂಕಟವೂ ಇದೆ. ಇಂದು ಹನ್ನೆರಡರ ಪ್ರಾಯದ ಸೋಂಕಿತ ಮಗು ಎಂದರೆ ತಾಯಿ ಪರೀಕ್ಷೆಗೆ ಸಿಗದೆ ಹೋದದ್ದರಿಂದಲೋ, ಬಾಣಂತನವಾದ ಮೇಲೆ ಅವಳಿಗೆ ಸೋಂಕು ತಗಲಿದ್ದರಿಂದಲೋ ಕೈತಪ್ಪಿದ ಮಗು. ಮೊದಲು ಒಂದು ಗುಂಪಾಗಿ ಕುಳಿತಿರುತ್ತಿದ್ದ ಮಕ್ಕಳು ಈಗ ಊರಿಗೊಬ್ಬರು. ರೋಗ ಅಪರೂಪವಾದಷ್ಟೂ ರೋಗಿ ಒಂಟಿಯಾಗುತ್ತಾನೆ. ಲೆಕ್ಕ ಕಡಿಮೆಯಾದಂತೆ ಅನುದಾನವೂ ಕಡಿಮೆಯಾಗುತ್ತದೆ. ಅಂಥ ಮಗುವಿನ ಹತ್ತಿರ ಇಪ್ಪತ್ತೆರಡರ ಒಬ್ಬ ಅಣ್ಣನೋ ಅಕ್ಕನೋ ಕುಳಿತು, ನನಗೂ ಹೀಗೆಯೇ ಇತ್ತು, ನೋಡು ದುಡಿಯುತ್ತಿದ್ದೇನೆ ಎಂದು ಹೇಳುವುದಕ್ಕೆ ಸಮಾನವಾದ ಪಾಠವನ್ನು ನಾನು ಕಾಣೆ. ತಾಲೂಕಿನ ‘ಸ್ನೇಹ ಕ್ಲಿನಿಕ್’ಗಳೂ ಚಿಕಿತ್ಸಾಕೇಂದ್ರಗಳೂ ಇವರನ್ನು ಕೂಲಿ ಕೊಟ್ಟು ಕರೆಯಬೇಕು; ಸೇವೆಯೆಂದು ಬಿಟ್ಟಿ ದುಡಿಸಿಕೊಳ್ಳಬಾರದು.

ಕಾನೂನಿನ ಮಾತೊಂದು ಉಳಿದಿದೆ. 2017ರಲ್ಲಿ ಸಂಸತ್ತು ಎಚ್.ಐ.ವಿ. ಮತ್ತು ಏಡ್ಸ್ ಕುರಿತ ಕಾಯ್ದೆಯನ್ನು ಮಾಡಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಶಾಲೆಯಲ್ಲಿ, ಕೆಲಸದಲ್ಲಿ, ಆಸ್ಪತ್ರೆಯಲ್ಲಿ ಭೇದ ಮಾಡಬಾರದು, ಒಪ್ಪಿಗೆ ಇಲ್ಲದೆ ಗುಟ್ಟು ಹೊರಗೆಡಹಬಾರದು ಎಂಬ ವಿಧಿಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅಷ್ಟಾಗಿ ಯಾರೂ ಉಲ್ಲೇಖಿಸದ ಇನ್ನೊಂದು ವಿಧಿ ಅದರಲ್ಲಿದೆ. ಹನ್ನೆರಡು ವರ್ಷ ತುಂಬಿ ಹದಿನೆಂಟು ತುಂಬದ, ಬುದ್ಧಿ ಬೆಳೆದ ಮಗು ರೋಗಬಾಧಿತ ಕುಟುಂಬದ ಸಂಸಾರವನ್ನು ನಡೆಸುತ್ತಿದ್ದರೆ, ಅದು ತನ್ನ ತಮ್ಮತಂಗಿಯರಿಗೆ ಪಾಲಕನಾಗಿ ನಿಲ್ಲಬಹುದು. ಶಾಲೆಗೆ ಸೇರಿಸಲು, ಬ್ಯಾಂಕಿನ ಖಾತೆ ನಡೆಸಲು, ಚಿಕಿತ್ಸೆಗೆ ಒಪ್ಪಿಗೆ ಕೊಡಲು ಅದರ ಸಹಿ ಸಾಕು. ಈ ವಿಧಿಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ತುಸು ಹೊತ್ತು ಸುಮ್ಮನೆ ಕುಳಿತೆ. ಹನ್ನೆರಡರ ಹುಡುಗಿ ಮನೆಯ ಯಜಮಾನಿಯಾಗಿರುವುದನ್ನು ಕಾನೂನು ಬರೆದವರು ಎಲ್ಲಿಯೋ ಕಂಡಿರಲೇಬೇಕು. ಇಲ್ಲವಾದರೆ ಇಂಥ ವಾಕ್ಯ ಯಾರಿಗೂ ಹೊಳೆಯುವುದಿಲ್ಲ.

ಚಿಕಿತ್ಸಾಕೇಂದ್ರದಲ್ಲಿ ಪ್ರತಿಯೊಬ್ಬರಿಗೂ ಒಂದು ಹಸಿರು ಪುಸ್ತಕ ಕೊಡುತ್ತಾರೆ. ಮುಂದೆ ಬರಬೇಕಾದ ದಿನ, ತೂಕ, ಉಳಿದ ಗುಳಿಗೆಗಳ ಎಣಿಕೆ ಅದರಲ್ಲಿರುತ್ತವೆ. ಓದಲು ಬಾರದ ಅಜ್ಜಿಯರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪಡಿತರ ಚೀಟಿಯ ಜೊತೆಗೆ ಟ್ರಂಕಿನ ತಳದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡುತ್ತಾರೆ. ರೋಗದ ಹೆಸರನ್ನು ತಿಳಿಸಿದ ಮನೆಗಳಲ್ಲಿ ಆ ಪುಸ್ತಕ ಶಾಲೆಯ ಚೀಲದ ಪಕ್ಕದ ಮೊಳೆಗೆ ಬರುತ್ತದೆ. ಮುಂದಿನ ತಾರೀಖು ಯಾವುದೆಂದು ಅಜ್ಜಿ ಕೇಳುತ್ತಾಳೆ, ಮೊಮ್ಮಗಳು ಓದಿ ಹೇಳುತ್ತಾಳೆ.